ಮುರಗೆಪ್ಪನ ಎದೆಯ ಸ್ಟೇಷನ್

“ತಡೀರಿ! ಯಾರೂ ಅವರಿಗೆ ಕೈ ಹಚ್ಚಬ್ಯಾಡ್ರಿ!”

ಮುರಗೆಪ್ಪನನ್ನು ಎತ್ತಿ ಶವಯಾತ್ರೆಯ ವಿಮಾನದಲ್ಲಿ ಕೂಡಿಸಲು ಬಗ್ಗಿದ್ದ ನಾಲ್ಕು ಜನರ ನಡುವೆ ಅವನ ಹೆಂಡತಿ ಅಕ್ಕವ್ವ ನುಗ್ಗಿ ಬಂದಳು. ಕೈಯಲ್ಲಿ ಟ್ರಾನ್ಸಿಸ್ಟರ್ ರೇಡಿಯೋ. ಗೋಡೆಗೆ ಒರಗಿಸಿದ್ದ ಗಂಡನ ಹಣೆಯ ಮೇಲೆ ವಿಭೂತಿ ಆಗಲೇ ಒಣಗಿತ್ತು. ಭಜನೆಯವರು ತಾಳ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಅಕ್ಕವ್ವ ಯಾರ ಕಡೆಗೂ ನೋಡಲಿಲ್ಲ. ರೇಡಿಯೋ ಹಚ್ಚಿ, ಗಂಡನ ಎಡ ಹೆಗಲ ಕೆಳಗೆ ಚರ್ಮ ಉಬ್ಬಿದ್ದ ಜಾಗಕ್ಕೆ ಒತ್ತಿ ಹಿಡಿದಳು.

ಟಕ್. ಟಕ್. ಟಕ್.

ಶೇಡಬಾಳದ ಅರ್ಧ ಊರು ಆ ಪಡಸಾಲೆಯಲ್ಲಿತ್ತು.

“ಕೇಳಿಸ್ತಿಲ್ಲೋ ವಿರುಪಾಕ್ಷಿ? ನಿಮ್ಮಣ್ಣ ಇನ್ನೂ ಅದಾರ. ಇದ್ದವರನ್ನ ಹ್ಯಾಂಗ ಮಣ್ಣಾಗ ಇಡ್ತೀರಿ?”

ಮೈದುನ ವಿರುಪಾಕ್ಷಪ್ಪ ತಡಬಡಿಸಿದ. “ವೈನಿ, ಮುಂಜಾನಿ ಡಾಕ್ಟರ ನೋಡಿ ಹೋಗ್ಯಾರಲ್ರಿ...”

“ಡಾಕ್ಟರ ಕೈಯಾಗ ರೇಡಿಯೋ ಇತ್ತೇನು?”

ಪಾಪ, ಮೈದುನ ಕಂಪೌಂಡರ್ ಬಾಳಾಸಾಬನನ್ನು ಕರೆತರಲು ತಾನೇ ಸೈಕಲ್ ಹತ್ತಿದ.

* * *

ಐದು ವರ್ಷದ ಹಿಂದೆ, ತೊಂಬತ್ತೊಂದರಲ್ಲಿ, ದ್ರಾಕ್ಷಿ ತೋಟದಲ್ಲಿ ಮುರಗೆಪ್ಪ ಎರಡು ಸಲ ಕಣ್ಣಿಗೆ ಕತ್ತಲೆ ಬಂದು ಬಿದ್ದಿದ್ದ. ಎದೆಬಡಿತ ನಡುನಡುವೆ ತಪ್ಪುತ್ತದೆ ಎಂದು ಮಿರಜದ ಆಸ್ಪತ್ರೆಯಲ್ಲಿ ಚರ್ಮದ ಕೆಳಗೆ ಪೇಸ್‌ಮೇಕರ್ ಎಂಬ ಪುಟ್ಟ ಮಷೀನು ಕೂಡಿಸಿದರು. ಊರಿಗೆ ಹೊರಡುವಾಗ ಅಲ್ಲಿಯ ಡಾಕ್ಟರು ಒಂದು ಉಪಾಯ ಹೇಳಿಕೊಟ್ಟರು. ಯಾವ ಸ್ಟೇಷನ್ನೂ ಹಿಡಿಯದ ಕಡೆ ಮುಳ್ಳು ಇಟ್ಟು ರೇಡಿಯೋವನ್ನು ಎದೆಗೆ ಹಿಡಿದರೆ ಮಷೀನಿನ ಸದ್ದು ಕೇಳುತ್ತದೆ. ನಿಮಿಷಕ್ಕೆ ಎಪ್ಪತ್ತು ಬಂದರೆ ಚಿಂತೆಯಿಲ್ಲ.

ಮೊದಲ ತಿಂಗಳು ಮುರಗೆಪ್ಪ ಮನಸ್ಸು ಬಿಚ್ಚಿ ಸೀನಲೂ ಇಲ್ಲ. ಲಿಂಗದ ಕರಡಿಗೆ ಮಷೀನಿಗೆ ತಾಗೀತೆಂದು ಶಿವದಾರವನ್ನು ಬಲ ಹೆಗಲಿಗೆ ಹಾಕಿಕೊಳ್ಳಬಹುದೇ ಎಂದು ಸ್ವಾಮಿಗಳನ್ನು ಮೂರು ಸಲ ಕೇಳಿ ಬಂದ. ಬಾವಿಯ ಮೋಟಾರಿನ ಹತ್ತಿರವೂ ಸುಳಿಯಲಿಲ್ಲ. ಗುಂಡಿ ಒತ್ತುವ ಕೆಲಸ ಅಕ್ಕವ್ವನ ಪಾಲಿಗೆ ಬಂತು.

“ಮಷೀನ್ ನನಗ, ಮೋಟಾರ್ ನಿನಗ,” ಎಂದು ನಗುತ್ತಿದ್ದ.

ಮನೆಯಲ್ಲಿದ್ದದ್ದು ಒಂದೇ ರೇಡಿಯೋ. ಮುಳ್ಳು ಅಲುಗಬಾರದೆಂದು ಅಕ್ಕವ್ವ, ಮಿರಜದಿಂದ ತಂದ ಗಾಯದ ಪಟ್ಟಿಯನ್ನು ಅದರ ತಿರುಪಿಗೆ ಅಂಟಿಸಿಬಿಟ್ಟಳು. ಆದರೆ ಮುರಗೆಪ್ಪನಿಗೆ ಸಂಜೆ ಸಾಂಗಲಿ ಸ್ಟೇಷನ್ನಿನ ಮರಾಠಿ ನಾಟ್ಯಗೀತೆ ಕೇಳದಿದ್ದರೆ ಉಂಡ ಅನ್ನ ಮೈಗೆ ಹತ್ತುತ್ತಿರಲಿಲ್ಲ.

“ಒಮ್ಮಿ ತಿರುವಿದ್ರ ಏನಾಗ್ತೈತಿ? ಮತ್ತ ಅಲ್ಲೇ ತಂದಿಡೂಣು.”

“ಸಿಗದಿದ್ರ? ಹಾಡು ಬೇಕೋ ಜೀವ ಬೇಕೋ ನಿಮಗ?”

“ನೀ ಹಿಂಗ ಕೇಳಿದ್ರ ವಿಚಾರ ಮಾಡಬೇಕಾಗ್ತೈತಿ.”

ಪಟ್ಟಿ ಬಿಚ್ಚಲು ಅವಳು ಬಿಡಲಿಲ್ಲ. ಐದು ವರ್ಷ ಅವನು ಹಾಡು ಕೇಳಲೆಂದೇ ಬಸ್‌ಸ್ಟ್ಯಾಂಡಿನ ಚಹಾ ಹೋಟೆಲಿಗೆ ನಡೆದುಹೋದ.

ದಿನಾ ಮುಂಜಾನೆ ಚಹಾ ಆದಮೇಲೆ ಅವಳು ಒಂದು ಕೈಯಲ್ಲಿ ರೇಡಿಯೋವನ್ನು ಅವನ ಎದೆಗೆ ಹಿಡಿದು, ಇನ್ನೊಂದು ಕೈಯಲ್ಲಿ ಅವನ ನಾಡಿ ಹಿಡಿಯುವಳು. ರೇಡಿಯೋ ಟಕ್ ಅಂದಾಗಲೆಲ್ಲ ಬೆರಳಿನ ಕೆಳಗೆ ನಾಡಿ ಹಾರುವುದು. ಅವನು ಗಡಿಯಾರ ನೋಡುತ್ತ ಕೂರುವನು. ಎಪ್ಪತ್ತಕ್ಕೆ ಮುಗಿದರೆ, “ಪಾಸಾದ್ನೇನ್ರಿ ಬಾಯಾರ?” ಎಂದು ಕೇಳುವನು. ನಲವತ್ತು ವರ್ಷದ ಸಂಸಾರದಲ್ಲಿ ಹಗಲು ಹೊತ್ತು ಗಂಡನ ಕೈ ಹಿಡಿದು ಕುಳಿತದ್ದು ಈ ಐದೇ ವರ್ಷ. ಆ ಒಂದು ನಿಮಿಷಕ್ಕೆಂದೇ ಅವಳು ಬೇಗ ಏಳುತ್ತಿದ್ದಳು.

ಈ ಮುಂಜಾನೆ ಚಹಾ ಕುಡಿಯುತ್ತ ಕುಳಿತವನು, ಅವಳು ರೇಡಿಯೋ ತರುವಷ್ಟರಲ್ಲಿ, ಕುಳಿತಂತೆಯೇ ಹೋಗಿಬಿಟ್ಟಿದ್ದ.

* * *

ಬಾಳಾಸಾಬ ಚಪ್ಪಲಿ ಬಿಟ್ಟು ಒಳಗೆ ಬಂದ. ಮಿರಜಕ್ಕೆ ಜೊತೆಗೆ ಹೋಗಿದ್ದವನು ಅವನೇ. ಅಕ್ಕವ್ವ ರೇಡಿಯೋ ತೆಗೆದಿರಲಿಲ್ಲ; ಅದು ಟಕ್ ಟಕ್ ಅನ್ನುತ್ತಲೇ ಇತ್ತು.

“ಎಣಿಸೀನಿ ಬಾಳಾಸಾಬ. ಎಪ್ಪತ್ತ ಐತಿ. ಒಂದೂ ಕಡಿಮಿ ಇಲ್ಲ.”

ಅವನು ಪಕ್ಕದಲ್ಲಿ ಕುಳಿತ. “ಕಾಕೂ, ದಿನಾ ಮುಂಜಾನಿ ಎರಡೂ ಹಿಡೀತಿದ್ರಿ. ಇವತ್ತ ಒಂದ ಯಾಕ ಹಿಡಿದೀರಿ?”

ಅವಳು ರೇಡಿಯೋವನ್ನು ಇನ್ನೂ ಒತ್ತಿ ಹಿಡಿದಳು.

“ನಾಡಿ ಹಿಡೀರಿ.”

“ಒಲ್ಲೆ.”

“ಹಿಡೀರಿ ಕಾಕೂ. ನಾ ಇಲ್ಲೇ ಅದೀನಿ.”

ಅವಳ ಬೆರಳು ತಮಗೆ ಗೊತ್ತಿದ್ದ ಜಾಗಕ್ಕೆ ಹೋದವು. ರೇಡಿಯೋ ಟಕ್ ಅಂದಿತು. ಬೆರಳಿನ ಕೆಳಗೆ ಏನೂ ಹಾರಲಿಲ್ಲ. ಮತ್ತೆ ಟಕ್. ಕೈ ತಣ್ಣಗಿತ್ತು. ಅವಳು ಬೆರಳನ್ನು ತುಸು ಸರಿಸಿದಳು, ಇನ್ನೂ ಸ್ವಲ್ಪ ಒತ್ತಿದಳು. ಟಕ್. ಏನೂ ಇಲ್ಲ.

“ಆ ಮಷೀನಿನ ಕೆಲಸ ಕರಿಯೂದಷ್ಟ ಕಾಕೂ,” ಅಂದ ಬಾಳಾಸಾಬ. “ಬ್ಯಾಟರಿ ಇರೂತನಕ ಕರೀತನ ಇರತೈತಿ. ಓ ಅನ್ನೂದು ಕಾಕಾನ ಎದಿ. ಅದು ಮುಂಜಾನೇ ಓ ಅನ್ನೂದು ಬಿಟ್ಟೈತಿ.”

“ಬ್ಯಾಟರಿ ಇನ್ನೂ ಮೂರು ವರ್ಷ ಬರ್ತೈತಿ ಅಂದಿದ್ರು,” ಅಂದಳು ಅಕ್ಕವ್ವ. ಆಮೇಲೆ ಅಷ್ಟೂ ಜನರ ಮುಂದೆ ಗಂಡನ ಮೊಣಕಾಲಿಗೆ ತಲೆ ಹಚ್ಚಿ ಬಿಕ್ಕಿ ಬಿಕ್ಕಿ ಅತ್ತಳು. ಯಾರೂ ಅವಸರ ಮಾಡಲಿಲ್ಲ. ಕೊನೆಗೆ ಅವಳೇ ಕಣ್ಣೊರೆಸಿ ಎದ್ದು ರೇಡಿಯೋ ಆರಿಸಿದಳು.

“ನಡೀರಿ. ಎತ್ರಿ.”

* * *

ಮುರಗೆಪ್ಪನನ್ನು ತೋಟದಲ್ಲಿ, ಬಾವಿಯ ಬದಿಗೆ, ಅಂಗೈಯಲ್ಲಿ ಲಿಂಗ ಕೊಟ್ಟು ಕೂಡಿಸಿದರು. ಬಿಲ್ವಪತ್ರಿ, ವಿಭೂತಿ, ಆಮೇಲೆ ಮಣ್ಣು. ಹೊತ್ತು ಇಳಿದಿತ್ತು. ಜನ ಕೈಕಾಲು ತೊಳೆಯಲು ಬಾವಿಯ ಕಡೆ ಸರಿದರು.

“ಏಳ ಅವ್ವಾ,” ಅಂದಳು ಮಗಳು ಶಿವಗಂಗವ್ವ.

“ನೀ ನಡಿ. ಒಂದ ನಿಮಿಷ.”

ಅಕ್ಕವ್ವ ಸೆರಗಿನ ಮರೆಯಲ್ಲಿ ತಂದಿದ್ದ ರೇಡಿಯೋವನ್ನು ಹೊರತೆಗೆದು ಹಸಿ ಮಣ್ಣಿಗೆ ಹಚ್ಚಿದಳು. ಬರೀ ಸರ್ರ್ ಅನ್ನುವ ಸದ್ದು. ಒಂದು ನಿಮಿಷ ಪೂರ್ತಿ ಕೇಳಿದಳು. ಟಕ್ ಅನ್ನುವುದು ಕೇಳಿಸಲಿಲ್ಲ.

ತಿರುಪಿನ ಮೇಲಿನ ಪಟ್ಟಿ ಐದು ವರ್ಷದ ಕೊಳೆಗೆ ಕಪ್ಪಾಗಿತ್ತು. ಉಗುರಿನಿಂದ ಕೆರೆದು ಕಿತ್ತಳು. ಮುಳ್ಳು ಸರಿಯಿತು. ಗರಗರ, ಯಾರದೋ ಮಾತು, ಮತ್ತೆ ಗರಗರ. ಆಮೇಲೆ ಹಾರ್ಮೋನಿಯಂ ಹಿಂದೆಯೇ ಸಾಂಗಲಿಯ ನಾಟ್ಯಗೀತೆ ಎದ್ದು ಬಂತು.

ಅಕ್ಕವ್ವ ರೇಡಿಯೋವನ್ನು ಮಣ್ಣಿನ ಕಡೆ ಮುಖ ಮಾಡಿ ಇಟ್ಟು, ದನಿ ಪೂರಾ ಏರಿಸಿದಳು.

“ಇನ್ನ ಹೋಟೆಲಿಗೆ ಹೋಗೂದು ಬ್ಯಾಡ್ರಿ,” ಅಂದಳು. “ಇಲ್ಲೇ ಕೇಳ್ರಿ.”