ಎತ್ತಬೇಡಿ

"ಎತ್ಬ್ಯಾಡಿ, ಅವ್ಳೇ ಎದ್ದೇಳ್ತಾಳೆ," ಎಂದಳು ಭಾಗ್ಯಮ್ಮ.

ಮೊಮ್ಮಗಳು ಬಿಂದುಶ್ರೀ ಬೇಕರಿಯ ಮುಂದಿನ ಕಾಂಕ್ರೀಟಿನ ಮೇಲೆ ಮಗ್ಗುಲಾಗಿ ಬಿದ್ದಿದ್ದಳು. ಅವಳ ವಾಕರ್ ಗಾಲಿ ಮೇಲಾಗಿ ಚರಂಡಿಯ ಅಂಚಿಗೆ ಹೋಗಿ ನಿಂತಿತ್ತು. ಐಟಿ ಪಾರ್ಕಿಗೆ ಹೋಗುವವರು ಟೀ ಕುಡಿಯಲು ಸೇರುವ ಹೊತ್ತು. ಕೊರಳಿಗೆ ಐಡಿ ಕಾರ್ಡು ಹಾಕಿಕೊಂಡ ಕೆಲವರು ಕೈಯಲ್ಲಿ ಕಪ್ಪು ಹಿಡಿದೇ ಓಡಿ ಬಂದರು.

"ಏನ್ರೀ ಇದು, ಮಗು ಬಿದ್ದಿದೆ, ನೋಡ್ತಾ ನಿಂತಿದ್ದೀರಲ್ಲ!" ಎಂದಳೊಬ್ಬಳು.

"ಬೀಳೋದು ಒಸದಲ್ಲ ಕಣಮ್ಮಾ ಅವ್ಳಿಗೆ. ವಸಿ ಜಾಗ ಬಿಡಿ."

ಬಿಂದು ಬೋರಲಾದಳು. ಮೊಣಕೈ ಊರಿದಳು. ಮಂಡಿಯನ್ನು ಹೊಟ್ಟೆಯ ಕೆಳಗೆ ಎಳೆದುಕೊಳ್ಳಲು ಅವಳಿಗೆ ಹೊತ್ತು ಹಿಡಿಯುತ್ತದೆ. ಬಲಗಾಲು ಒಂದಿಷ್ಟು ಮಾತು ಕೇಳುತ್ತದೆ, ಎಡಗಾಲು ಅಡ್ಡ ಬಂದು ಅದಕ್ಕೇ ತೊಡರಿಕೊಳ್ಳುತ್ತದೆ. ಮುಖ ಕೆಂಪಾಗಿ, ಬಾಯಿಯ ಮೂಲೆಯಲ್ಲಿ ಜೊಲ್ಲು ಇಳಿದಿತ್ತು. ನೋಡುವವರಿಗೆ ಹುಡುಗಿ ನರಳುತ್ತಿರುವಂತೆ ಕಾಣುತ್ತಿತ್ತು. ಭಾಗ್ಯಮ್ಮ ವಾಕರನ್ನು ನೆಟ್ಟಗೆ ಮಾಡಿ ಅವಳ ಕೈಗೆ ಸಿಗುವಲ್ಲಿ ಇಟ್ಟು, ಮತ್ತೆ ಹಿಂದೆ ಸರಿದು ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಳು.

ಬಿಂದು ವಾಕರಿನ ಕಂಬಿ ಹಿಡಿದಳು. ಎಡಮಂಡಿ ಊರಿ ಬಲಪಾದವನ್ನು ನೆಲಕ್ಕೆ ಕೊಟ್ಟಳು. ಇನ್ನೇನು ಎದ್ದೇಬಿಡಬೇಕು, ಅಷ್ಟರಲ್ಲಿ ಹೆಲ್ಮೆಟ್ ಹಾಕಿಕೊಂಡಿದ್ದವನೊಬ್ಬ ಹಿಂದಿನಿಂದ ಬಂದು, ಕಂಕುಳಿಗೆ ಕೈ ಹಾಕಿ, ಒಂದೇ ಸಲಕ್ಕೆ ಅವಳನ್ನು ಎತ್ತಿ ನಿಲ್ಲಿಸಿಬಿಟ್ಟ. ಬಿಂದು ಕಿಟಾರನೆ ಕಿರುಚಿ ಕೈ ಬೀಸಿದಳು.

"ಅಯ್ಯೋ, ತುಂಬಾ ನೋವಾಗಿದೆ ಪಾಪ," ಎಂದ ಅವನು. ನೋವಾಗಿರಲಿಲ್ಲ. ಸಿಟ್ಟು ಬಂದಿತ್ತು.

"ಎದ್ದೇಬಿಟ್ಟಿದ್ಲಲ್ಲಪ್ಪಾ!" ಎಂದಳು ಭಾಗ್ಯಮ್ಮ. ಗುಂಪಿನಲ್ಲಿ ಯಾರೋ ಮೊಬೈಲು ಹಿಡಿದು ನಿಂತಿದ್ದುದನ್ನು ಅವಳು ಗಮನಿಸಲಿಲ್ಲ.

ಪಟ್ಟಂದೂರು ಅಗ್ರಹಾರದಲ್ಲಿ ಭಾಗ್ಯಮ್ಮನ ಮನೆಯವರು ಹಳಬರು. ರಾಗಿ, ಅವರೆ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಮಗ ಶಿವಶಂಕರ್ ಕಟ್ಟಿಸಿದ ಬಾಡಿಗೆ ಮನೆಗಳಿವೆ. ಹನ್ನೊಂದು ವರ್ಷದ ಬಿಂದು ಅವನಿಗೆ ಒಬ್ಬಳೇ ಮಗಳು. ದಿನ ತುಂಬುವ ಮೊದಲೇ ಹುಟ್ಟಿದವಳು. ವರ್ಷ ಕಳೆದರೂ ಕೂರುತ್ತಿಲ್ಲವೆಂದು ತೋರಿಸಿದಾಗ ಡಾಕ್ಟರು ಸೆರೆಬ್ರಲ್ ಪಾಲ್ಸಿ ಎಂದರು. ಮೆದುಳು ಹೇಳಿದ್ದು ಕೈಕಾಲಿಗೆ ಸರಿಯಾಗಿ ಮುಟ್ಟುವುದಿಲ್ಲ, ಆದರೆ ಹುಡುಗಿ ಚುರುಕಾಗಿದ್ದಾಳೆ ಎಂದು ತಿಳಿಸಿ ಹೇಳಿದರು. ಅವಳ ನಾಲಗೆಯೂ ತುಸು ತೊಡರುತ್ತದೆ. ಮನೆಯವರಿಗೆ ಅವಳ ಮಾತೆಲ್ಲ ಅರ್ಥವಾಗುತ್ತದೆ, ಹೊರಗಿನವರಿಗೆ ಅರ್ಧ.

ಮನೆಯಲ್ಲಿ ಅನುಕೂಲವಿತ್ತು, ಪ್ರೀತಿಯೂ ಇತ್ತು. ಹಾಸಿಗೆಯಿಂದ ಬಚ್ಚಲಿಗೆ, ಬಚ್ಚಲಿನಿಂದ ಸೋಫಾಕ್ಕೆ, ಸೋಫಾದಿಂದ ಕಾರಿಗೆ ಎತ್ತಿಕೊಂಡು ಹೋಗಲು ಯಾರಾದರೊಬ್ಬರು ಇದ್ದೇ ಇರುತ್ತಿದ್ದರು. ಥೆರಪಿ ಸೆಂಟರಿನ ಕಾವ್ಯಾ, ದಾವಣಗೆರೆ ಕಡೆಯ ಹುಡುಗಿ, ಕಳೆದ ದೀಪಾವಳಿಯ ಹೊತ್ತಿಗೆ ಎಲ್ಲರನ್ನೂ ಕೂರಿಸಿಕೊಂಡು ಹೇಳಿದಳು:

"ಈಗ ಬೆಳೆಯೋ ವಯಸ್ಸು ನೋಡ್ರಿ. ಎಲುಬು ಬೇಗ ಉದ್ದ ಆಗ್ತದೆ, ಸ್ನಾಯು ಹಿಂದೆ ಉಳೀತದೆ. ಕಾಲಿಗೆ ಕೆಲ್ಸ ಕೊಡದಿದ್ರೆ ಇರೋ ನಡಿಗೇನೂ ಹೋಗ್ತದೆ. ವಾರಕ್ಕೊಮ್ಮೆ ನಾನು ಕಾಲು ಎಳೆದು ಕಳಿಸಿದ್ರೆ ಸಾಲಲ್ಲ. ದಿನಾ ನಡೀಬೇಕು, ಆಡ್ಬೇಕು. ನೀವೂ ಜೊತಿಗೆ ಆಡ್ರಿ. ಬಿದ್ರೆ ಅವಸರ ಮಾಡಿ ಎತ್ತಬ್ಯಾಡ್ರಿ, ಏಳೋದೂ ಒಂದು ವ್ಯಾಯಾಮ." ಆಮೇಲೆ ಭಾಗ್ಯಮ್ಮನ ಕಡೆ ತಿರುಗಿ, "ನಿಮ್ಮ ಶುಗರ್ ಹೆಂಗೈತ್ರಿ ಅಜ್ಜಿ?" ಎಂದಳು.

ಮರುದಿನ ಬೆಳಗ್ಗೆ ಭಾಗ್ಯಮ್ಮ ಮೊಮ್ಮಗಳ ಕಾಲಿಗೆ ಪಾದ ನೆಟ್ಟಗಿರಿಸುವ ಸ್ಪ್ಲಿಂಟ್ ಕಟ್ಟಿ, ತಾನೂ ಸೀರೆಯ ಕೆಳಗೆ ಕ್ಯಾನ್ವಾಸ್ ಶೂ ಹಾಕಿಕೊಂಡು ರಸ್ತೆಗೆ ಇಳಿದಳು.

ಮೊದಮೊದಲು ಭಾಗ್ಯಮ್ಮನಿಗೇ ಕಷ್ಟವಾಯಿತು. ಹೊಲದಿಂದ ಹುಲ್ಲಿನ ಹೊರೆ ಹೊತ್ತು ದಾಪುಗಾಲು ಹಾಕಿದವಳಿಗೆ ನಿಧಾನವಾಗಿ ನಡೆಯುವುದು ಗೊತ್ತಿರಲಿಲ್ಲ. ನಡುನಡುವೆ ನಿಲ್ಲುವಾಗ ಹೊತ್ತು ಹೋಗಲೆಂದು ಇಲ್ಲಿ ಬಾವಿಯಿತ್ತು, ಅಲ್ಲಿ ಕಣವಿತ್ತು ಎಂದು ತೋರಿಸುತ್ತಿದ್ದಳು. ಬಿಂದುಗೆ ಬಾವಿಗಿಂತ ಬೀದಿ ನಾಯಿಗಳ ಮೇಲೆ ಮನಸ್ಸು. ತರಕಾರಿಯ ಮುನಿಯಕ್ಕ ಇವರನ್ನು ಕಂಡರೆ ಗಾಡಿಯನ್ನು ಪಕ್ಕಕ್ಕೆ ಎಳೆದುಕೊಂಡು ಜಾಗ ಬಿಡುತ್ತಿದ್ದಳು, ಒಂದು ಕ್ಯಾರೆಟ್ಟನ್ನೂ ಕೊಡುತ್ತಿದ್ದಳು. ಸಂಕ್ರಾಂತಿ ಕಳೆಯುವಷ್ಟರಲ್ಲಿ ಅವರು ಬೇಕರಿಯವರೆಗೆ ಹೋಗಿ ಬರುವಂತಾಗಿದ್ದರು.

ಬೇಕರಿಯ ಮುಂದೆ ಬಿದ್ದ ದಿನ ಸಂಜೆ ಶಿವಶಂಕರ್ ಚಪ್ಪಲಿ ಕಳಚದೆಯೇ ಒಳಗೆ ಬಂದ.

"ಅಮ್ಮಾ, ಏನಿದು? ಪಕ್ಕದ್ ಬೀದಿ ವೆಂಕಟರಮಣಪ್ಪನ ಮಗ ವಿಡಿಯೋ ಕಳ್ಸಿದಾನೆ. ಏರಿಯಾ ಗ್ರೂಪಲ್ಲೆಲ್ಲಾ ಓಡಾಡ್ತಿದೆ. ಕರುಣೆ ಇಲ್ಲದ ಅಜ್ಜಿ ಅಂತ ಬರ್ದಿದಾರೆ."

"ಬರ್ಕೊಂಡ್ರೆ ಬರ್ಕೊಳ್ಲಿ ಬಿಡು."

"ನಿಂಗೆ ಸಲೀಸು. ಜನ ಕೇಳೋದು ನನ್ನ. ಮನೇಲಿ ಎಲ್ಲಾ ಇದ್ದೂ ಮಗೂನ ಬೀದೀಲಿ ಹೊರಳಾಡಿಸ್ತಾರೆ ಅಂತಾರೆ."

"ಹೊರಳಾಡ್ಲಿಲ್ಲ ಕಣಪ್ಪಾ, ಏಳ್ತಿದ್ಲು."

"ಸಾಕು ಬಿಡಮ್ಮ. ಇನ್ಮೇಲೆ ರಸ್ತೆಗೆ ಬೇಡ. ಏನ್ ಮಾಡ್ಸೋದಿದ್ರೂ ಟೆರೇಸಲ್ಲಿ ಮಾಡ್ಸಿ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸೊಸೆ ನೇತ್ರಾವತಿ ವಾಕರನ್ನು ಒರೆಸಿ ಮೂಲೆಗಿಟ್ಟಳು.

ಮುಂದಿನ ವಾರ ಶಿವಶಂಕರ್ ಬ್ಯಾಟರಿಯ ಗಾಲಿಕುರ್ಚಿ ತರಿಸಿದ. ಬಿಂದುಗೆ ಅದು ಬಹಳ ಹಿಡಿಸಿತು. ಹಾಲಿನಲ್ಲಿ ಗಿರಗಿರನೆ ತಿರುಗಿಸಿದಳು, ಬಾಗಿಲಿಗೆ ಗುದ್ದಿದಳು, ಶಾಲೆಯಲ್ಲಿ ಗೆಳತಿಯರಿಗೆಲ್ಲ ತೋರಿಸಿದಳು. ಕಾವ್ಯಾ ಕೂಡ ನೋಡಿ, "ಚಲೋ ಆತು, ಶಾಲಿಗೆ, ದೂರ ಹೋಗೋದಕ್ಕೆ ಇದು ಬೇಕೇ ಬೇಕು. ಆದ್ರೆ ಕಾಲಿನ ಕೆಲ್ಸ ಇದು ಮಾಡಲ್ಲ," ಎಂದಳು.

ಟೆರೇಸಿನಲ್ಲಿ ನೀರಿನ ಟ್ಯಾಂಕುಗಳು, ಬಾಡಿಗೆಯವರ ಒಣಗುವ ಬಟ್ಟೆ. ನಾಯಿಯಿಲ್ಲ, ಮುನಿಯಕ್ಕನಿಲ್ಲ. ಬಿಂದು ಒಂದು ಸುತ್ತು ಹಾಕಿ, ಬೇಜಾರು ಎಂದು ಕೂತುಬಿಡುತ್ತಿದ್ದಳು. ಭಾಗ್ಯಮ್ಮನಿಗೂ ಮೆಟ್ಟಿಲು ಹತ್ತಿದರೆ ಮಂಡಿ ಹಿಡಿಯತೊಡಗಿತು. ಒಂದು ದಿನ ಬಿಟ್ಟಿದ್ದು ಮೂರು ದಿನವಾಯಿತು, ಪರೀಕ್ಷೆ ಬಂತು, ಆಮೇಲೆ ಬಿಸಿಲು ಎಂದಾಯಿತು. ಏಪ್ರಿಲಿನಲ್ಲಿ ಒಂದು ಬೆಳಗ್ಗೆ ಸ್ಪ್ಲಿಂಟ್ ಕಟ್ಟಲು ಹೋದರೆ ಬಿಂದುವಿನ ಹಿಮ್ಮಡಿ ಅದರ ತಳಕ್ಕೆ ಇಳಿಯಲೇ ಇಲ್ಲ. ಭಾಗ್ಯಮ್ಮ ಒತ್ತಿದಳು. ಮೀನಖಂಡ ಹಗ್ಗದಂತೆ ಬಿಗಿದಿತ್ತು. ಹುಡುಗಿ ಹಲ್ಲು ಕಚ್ಚಿಕೊಂಡಳು. ಭಾಗ್ಯಮ್ಮ ಪಟ್ಟಿಯನ್ನು ಬಿಚ್ಚಿ ಪಕ್ಕಕ್ಕಿಟ್ಟು, ಆ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು.

ಅವತ್ತು ಸಂಜೆ ಶಿವಶಂಕರ್ ಕಾಫಿ ಕುಡಿಯುತ್ತಿದ್ದಾಗ ಬಿಂದು ಕುರ್ಚಿಯನ್ನು ಅವನ ಎದುರಿಗೆ ತಂದು ನಿಲ್ಲಿಸಿದಳು.

"ಅಪ್ಪಾ, ನನ್ ವಿಡಿಯೋ ತೋರ್ಸು."

"ಯಾವ್ದು ಚಿನ್ನಾ?"

"ಬೇಕರೀದು."

"ಅದ್ಯಾಕೀಗ? ಡಿಲೀಟ್ ಮಾಡ್ಬಿಟ್ಟೆ."

"ನನ್ ಫೋನಲ್ಲಿದೆ," ಎಂದಳು ನೇತ್ರಾವತಿ. ಹುಡುಕಿ, ಅವನ ಕೈಗೇ ಕೊಟ್ಟಳು.

ಶಿವಶಂಕರ್ ಅದನ್ನು ಪೂರ್ತಿ ನೋಡಿರಲೇ ಇಲ್ಲ. ಮಗಳು ನೆಲದ ಮೇಲೆ ಬಿದ್ದಿರುವುದು ಕಂಡ ತಕ್ಷಣ ಅವತ್ತು ಮುಚ್ಚಿಬಿಟ್ಟಿದ್ದ. ಈಗ ಬಿಂದು ಪಕ್ಕದಲ್ಲೇ ಇದ್ದಳು. ವಿಡಿಯೋ ಓಡಿತು. ಅವಳು ಬೆರಳಿಂದ ನಿಲ್ಲಿಸಲು ನೋಡಿದಳು. ಬೆರಳು ಜಾರಿತು, ಮತ್ತೆ ಒತ್ತಿದಳು.

"ಇಲ್ಲಿ. ಇದ್ಯಾವ್ ಕಾಲು?"

"ಬಲಗಾಲು."

"ಎಲ್ಲಿದೆ?"

"ನೆಲದ ಮೇಲೆ."

"ಹಿಮ್ಮಡಿ?"

ಅವನು ಚಿತ್ರವನ್ನು ದೊಡ್ಡದು ಮಾಡಿದ. "ಅದೂ ನೆಲಕ್ಕಿದೆ."

"ಎದ್ದಿದ್ದೆ ನಾನು. ಆ ಹೆಲ್ಮೆಟ್ ಅಂಕಲ್ ಬಂದು ಕೆಡಿಸ್ಬಿಟ್ಟ." ಮಾತು ತೊಡರಿತು. ಉಗುಳು ನುಂಗಿ ಇನ್ನೊಮ್ಮೆ ಹೇಳಿದಳು. ಆಮೇಲೆ ಲಂಗ ಸರಿಸಿ ಕಾಲು ತೋರಿಸಿದಳು. "ಈಗ ಮುಟ್ಟಲ್ಲ. ನೋಡು."

ಶಿವಶಂಕರ್ ನೋಡಿದ. ಕುರ್ಚಿಯ ಕಾಲುಮಣೆಯ ಮೇಲೆ ಪಾದ ಬೆರಳುಗಳ ಮೇಲೇ ನಿಂತಿತ್ತು. ಅಂಗೈಯಿಂದ ಮೆಲ್ಲಗೆ ಒತ್ತಿದ. ಇಳಿಯಲಿಲ್ಲ.

"ಅಮ್ಮಾ, ಯಾವಾಗಿಂದ ಹಿಂಗೆ?"

"ಹೇಳಿದ್ರೆ ನೀನ್ ಕೇಳ್ತಿದ್ಯಾ?" ಎಂದಳು ಭಾಗ್ಯಮ್ಮ.

ಅವನು ಕಾಫಿಯನ್ನು ಅಲ್ಲೇ ಬಿಟ್ಟು ಹೊರಗೆ ಹೋಗಿ ಕಾವ್ಯಾಗೆ ಫೋನು ಮಾಡಿದ.

ಬಿಗಿದ ಸ್ನಾಯುವನ್ನು ಮೆಲ್ಲಗೆ ಹಿಗ್ಗಿಸಲು ಕಾಲಿಗೆ ಪ್ಲಾಸ್ಟರು ಹಾಕಬೇಕಾಯಿತು. ಬಿಚ್ಚಿ, ಮತ್ತೆ ಹಾಕಿದರು. ಹಿಮ್ಮಡಿ ಮುಂಚಿನಷ್ಟು ಇಳಿಯಲಿಲ್ಲ, ಹೊಸ ಸ್ಪ್ಲಿಂಟಿಗೆ ಸಾಕಾಗುವಷ್ಟು ಇಳಿಯಿತು. ಮಳೆ ಶುರುವಾಗುವ ಮೊದಲು ಅಜ್ಜಿ ಮೊಮ್ಮಗಳು ಮತ್ತೆ ರಸ್ತೆಗೆ ಇಳಿದರು. ಯಾರಾದರೂ ಪಾಪ ಎಂದರೆ ಈಗ ನೇತ್ರಾವತಿಯೇ ಉತ್ತರ ಕೊಡುತ್ತಿದ್ದಳು. ಅವಳೂ ಜೊತೆಗೆ ಬರತೊಡಗಿದ್ದಳು.

ಭಾನುವಾರಗಳಲ್ಲಿ ಕಾವ್ಯಾ ಹತ್ತಿರದ ಶಾಲೆಯ ಮೈದಾನದಲ್ಲಿ ಇಂಥ ಮಕ್ಕಳನ್ನೂ ಅವರ ಮನೆಯವರನ್ನೂ ಸೇರಿಸಿ ಆಟ ಆಡಿಸುತ್ತಿದ್ದಳು. ಜುಲೈ ತಿಂಗಳ ಒಂದು ಭಾನುವಾರ ಶಿವಶಂಕರ್ ಬಿಳಿ ಪ್ಯಾಂಟು, ಬಿಳಿ ಶರ್ಟಿನಲ್ಲಿ ಬಂದು ಗೇಟಿನ ಹತ್ತಿರ ನಿಂತ.

"ಅಲ್ಲಿ ನಿಂತ್ರೆ ಹೆಂಗೆ ಸಾರ್? ಬಂದು ಕೂಡ್ರಿ," ಎಂದು ಕಾವ್ಯಾ ಕರೆದಳು.

ನೆಲದಲ್ಲಿ ಕೂತೇ ಆಡುವ ಚೆಂಡಾಟ. ಕೈಯಿಂದ ತಳ್ಳಿ ಚೆಂಡನ್ನು ಎದುರಿನವರ ಗೆರೆ ದಾಟಿಸಬೇಕು. ಯಾರೂ ಏಳುವಂತಿಲ್ಲ. ಶಿವಶಂಕರ್ ಕರವಸ್ತ್ರ ಹಾಸಿಕೊಂಡು ಕೂತ. ಎದುರಿನ ಕಡೆ ಮಗಳಿದ್ದಳು. ಮನೆಯಲ್ಲಿ ಯಾರಾದರೂ ಕಂಡಾರೆಂದು ನೆಲದಲ್ಲಿ ತೆವಳಲು ಬಿಡದೆ ಅವಳನ್ನು ಎತ್ತಿ ಸೋಫಾಕ್ಕೆ ಹಾಕುತ್ತಿದ್ದರು. ಇಲ್ಲಿ ಅವಳು ಎರಡು ಕೈ ಊರಿ ಸರಸರನೆ ಸರಿದು ಬಂದಳು, ಅವನ ಮುಂದಿದ್ದ ಚೆಂಡನ್ನು ತಳ್ಳಿದಳು, ಅದು ಅವನ ತೊಡೆಯ ಪಕ್ಕದಿಂದಲೇ ಗೆರೆ ದಾಟಿತು. ಅವನಿಗೆ ತಿರುಗಲೂ ಆಗಲಿಲ್ಲ. ಇನ್ನೊಂದು ಸಲ ಚೆಂಡು ದೂರಕ್ಕೆ ಹೊರಳಿದಾಗ ಅವನು ಮೈಮರೆತು ಎದ್ದು ಓಡಿದ.

"ಅಪ್ಪ ಔಟ್!" ಎಂದು ಬಿಂದು ಕೂಗಿದಳು. ಆ ಮಾತು ಮೈದಾನದಲ್ಲಿದ್ದ ಎಲ್ಲರಿಗೂ ಅರ್ಥವಾಯಿತು.

ಅವನು ಗೆರೆಯಾಚೆ ತಾಯಿಯ ಪಕ್ಕ ಬಂದು ಕೂತ. ಏದುಸಿರು ಬರುತ್ತಿತ್ತು. ಪ್ಯಾಂಟಿನ ಹಿಂದೆಲ್ಲ ಕೆಮ್ಮಣ್ಣು ಹತ್ತಿತ್ತು.

"ಮುಂದಿನ್ ಆಟಕ್ಕೆ ಸೇರಿಸ್ಕೊಳ್ತಾರಾ?"

"ಕೇಳ್ನೋಡು," ಎಂದಳು ಭಾಗ್ಯಮ್ಮ.

ಕಾವ್ಯಾ ಸೀಟಿ ಊದಿದಳು. ಅವನು ಕಾರಿನ ಕೀ, ಫೋನು ಎಲ್ಲ ತೆಗೆದು ತಾಯಿಯ ಮಡಿಲಿಗೆ ಹಾಕಿ, ಕರವಸ್ತ್ರವನ್ನು ಅಲ್ಲೇ ಬಿಟ್ಟು, ಕೈ ಊರಿ ನೆಲದಲ್ಲೇ ಸರಿಯುತ್ತಾ ಗೆರೆಯೊಳಗೆ ಹೋದ. ಸ್ವಲ್ಪ ಹೊತ್ತಿಗೆ ಮಡಿಲಲ್ಲಿದ್ದ ಫೋನು ಹೊಡೆದುಕೊಳ್ಳತೊಡಗಿತು. ಭಾಗ್ಯಮ್ಮ ಅದರ ಮೇಲೆ ಸೆರಗು ಮುಚ್ಚಿ, ಆಟ ನೋಡುತ್ತಾ ಕೂತಳು.