ಅನ್ನಪೂರ್ಣಕ್ಕನ ಸರ್ವರ್

ರೋಣದ ಬಸ್ಸಿನಲ್ಲಿ ಸೀಟು ಹಿಡಿಯುವುದನ್ನು ಯಾರಿಗೂ ಹೇಳಿಕೊಡಬೇಕಿಲ್ಲ. ಕಿಟಕಿಯಿಂದ ಟವೆಲ್ಲು ಒಗೆದರೆ ಮುಗಿಯಿತು. ಆಮೇಲೆ ಬಂದವರು ಎಷ್ಟೇ ದೊಡ್ಡವರಿರಲಿ, ನಿಂತೇ ಹೋಗಬೇಕು. ಗಜೇಂದ್ರಗಡದ ನೇಕಾರರ ಸಂಘದ ಡೇಟಾಬೇಸೂ ಹಾಗೆಯೇ ಇತ್ತು. ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದ ಹಗುರ ಸಾಮಾನು, ಎರಡು ಸಾವಿರದ ಐದರಲ್ಲಿ ನಾನೇ ಹಾಕಿಕೊಟ್ಟಿದ್ದು. ಒಬ್ಬರು ತೆರೆದರೆ ಇನ್ನೊಬ್ಬರಿಗೆ ತೆರೆಯುತ್ತಿರಲಿಲ್ಲ.

ಮುಂದಿನ ಮೇಜಿನ ಅನ್ನಪೂರ್ಣಕ್ಕ ಬೆಳಿಗ್ಗೆ ಬಂದವಳೇ ಅದನ್ನು ತೆರೆದಿಟ್ಟರೆ ಊಟಕ್ಕೆ ಹೋಗುವಾಗಲೂ ಮುಚ್ಚುತ್ತಿರಲಿಲ್ಲ. ಒಳಕೋಣೆಯಲ್ಲಿ ಕಾರ್ಯದರ್ಶಿ ಪ್ರಭುಲಿಂಗಪ್ಪನವರು ಖಾಲಿ ಪರದೆ ನೋಡುತ್ತ ಚಹಾ ಕುಡಿಯುತ್ತಿದ್ದರು.

ಅಕ್ಕನ ಹಟಕ್ಕೆ ಕಾರಣವಿತ್ತು. ಹೊಸ ದಡಿ, ಅಂದರೆ ಸೀರೆಯ ಅಂಚು, ಯಾರ ಹೆಸರಿಗೆ ಮೊದಲು ದಾಖಲಾಗುತ್ತದೋ ಆ ವರ್ಷ ಅವರೊಬ್ಬರೇ ಅದನ್ನು ನೇಯಬಹುದು. ಇದು ಸಂಘದ ನಿಯಮ. ಮಾದರಿಯನ್ನು ಮೊದಲು ಮಂಜೂರಿಗೆ ಒಳಗೆ ಕಾರ್ಯದರ್ಶಿಗೆ ಕೊಡಬೇಕಿತ್ತು. ಹೋದ ವರ್ಷ ನೇಕಾರ್ತಿ ವೀರವ್ವನ ದಡಿ ಮಂಜೂರಾಗಿ ಹೊರಗೆ ಬರುವಷ್ಟರಲ್ಲಿ ಪ್ರಭುಲಿಂಗಪ್ಪನವರ ಅಳಿಯ ಕರೆಪ್ಪನ ಹೆಸರಿಗೆ ಏರಿಬಿಟ್ಟಿತ್ತು. ತಾನೇ ಹುಟ್ಟಿಸಿದ ದಡಿಯನ್ನು ಆ ಮುದುಕಿ ವರ್ಷವಿಡೀ ತನ್ನ ಮಗ್ಗಕ್ಕೆ ಹಾಕುವಂತಿರಲಿಲ್ಲ. ಅದನ್ನು ಕೇಳಿ ನನಗೆ ಮೈಯೆಲ್ಲ ಉರಿದಿತ್ತು. ಅಂದಿನಿಂದ ಅಕ್ಕ ಡೇಟಾಬೇಸನ್ನು ಒಳಕೋಣೆಗೆ ಬಿಟ್ಟುಕೊಟ್ಟಿರಲಿಲ್ಲ. ಈ ಸಲ ವೀರವ್ವ ಜೋಳದ ತೆನೆಯ ದಡಿ ನೇಯ್ದು ತಂದಿದ್ದಳು.

ಅಷ್ಟರಲ್ಲಿ ಪ್ರಭುಲಿಂಗಪ್ಪನವರು ನರಗುಂದದಲ್ಲಿದ್ದ ನನಗೆ ಫೋನ್ ಮಾಡಿ ಕರೆಸಿದರು.

“ಜಹೀರ, ಇಬ್ಬರೂ ಒಮ್ಮೆಗೇ ಕೆಲಸ ಮಾಡೂ ಹಂಗ ಮಾಡಪಾ.”

“ಆಗತೈತ್ರಿ. ಸರ್ವರ್ ಮಾಡಬೇಕು. ಡೇಟಾಬೇಸ್ ಒಂದ ಕಂಪ್ಯೂಟರಿನ್ಯಾಗ ಕುಂದರತೈತಿ, ಉಳದವ್ರು ತಂತಿ ಮ್ಯಾಲೆ ಅದನ್ನ ಕೇಳಬೇಕು. ನಿಮ್ಮದರಾಗ ಕುಂದರಸಲೇನ್ರಿ? ಆದ್ರ ದಿನಾ ಎಲ್ಲಾರಕಿಂತ ಮೊದಲ ಬಂದು ಚಾಲೂ ಮಾಡಬೇಕು, ಎಲ್ಲಾರೂ ಹೋದ ಮ್ಯಾಲೆ ಬಂದ್ ಮಾಡಬೇಕು.”

ಸಂಘದ ಬಾಗಿಲು ತೆಗೆಯುವುದನ್ನು ಅವರು ಒಂದು ದಿನವೂ ಕಂಡವರಲ್ಲ.

“ಬಾಗಲಾ ಕಾಯೂ ಕೆಲಸ ನನಗ್ಯಾಕ? ಆಕಿ ಕಂಪ್ಯೂಟರಿಗೇ ಹಾಕು.”

ಹಾಕಿದೆ. ಅಕ್ಕನ ಪರದೆಯ ಮೂಲೆಯಲ್ಲಿ ಸರ್ವರಿನ ಕಪ್ಪು ಕಿಟಕಿ ತೆರೆದುಕೊಂಡಿತು. ಬಾಯಿ ಮುಚ್ಚಿಕೊಂಡು ಕೆಲಸ ಮಾಡು ಎಂದರೆ ಅದು ಮಾಡುತ್ತದೆ. ಹಾಗೆ ಹೇಳದಿದ್ದರೆ, ಯಾರು ಎಲ್ಲಿಂದ ಏನು ಬರೆದರೂ ಆ ಕಿಟಕಿಯಲ್ಲಿ ಸಾಲುಸಾಲಾಗಿ ಒದರುತ್ತದೆ. ಹೊಸ ಸರ್ವರು, ನಾಲ್ಕು ದಿನ ಕಣ್ಣಿಡಬೇಕಲ್ಲ ಎಂದು ನನಗೆ ನಾನೇ ಸಮಜಾಯಿಷಿ ಹೇಳಿಕೊಂಡು ಅದರ ಬಾಯಿ ತೆರೆದೇ ಬಿಟ್ಟೆ.

ಅಕ್ಕನ ಮುಖ ಬಾಡಿತ್ತು. “ನನ್ನ ಟವೆಲ್ಲ ತಗದು ಒಗದಿ ನೋಡು ಜಹೀರ. ವೀರವ್ವನ ದಡಿ ಇವತ್ತ ಒಳಗೈತಿ.”

“ಆ ಕಪ್ಪು ಕಿಟಕಿ ಮ್ಯಾಲೆ ಲಕ್ಷ ಇರಲಿ ಅಕ್ಕಾ.”

ನೂಲು ಒಯ್ಯಲು ಬಂದ ನೇಕಾರರು ಮೇಜಿನ ಮುಂದೆ ಸಾಲು ನಿಂತಿದ್ದರು, ಮೊದಲಿಗೆ ವೀರವ್ವ. ಒಳಗೆ ಕೀಲಿಮಣೆ ಟಕಟಕ ಎಂದಿತು. ಹೊರಗೆ ಕಪ್ಪು ಕಿಟಕಿಯಲ್ಲಿ ಒಂದು ಸಾಲು ಮೂಡಿತು. ಅಕ್ಕ ನೂಲಿನ ದರ ಹೇಳುವ ದನಿಯಲ್ಲೇ ಅದನ್ನು ಓದಿದಳು.

“ಹೊಸ ದಡಿ, ಜ್ವಾಳದ ತೆನಿ. ನೇಕಾರ, ಕರೆಪ್ಪ.”

ನೇಕಾರರ ಇಡೀ ಸಾಲು ಒಳಕೋಣೆಯ ಬಾಗಿಲಿಗೆ ತಿರುಗಿತು. ಪ್ರಭುಲಿಂಗಪ್ಪನವರ ಕೈ ಇನ್ನೂ ಕೀಲಿಮಣೆಯ ಮೇಲಿತ್ತು, ಪಕ್ಕದಲ್ಲೇ ವೀರವ್ವನ ಮಾದರಿ.

“ಟೆಸ್ಟ್ ಮಾಡಿ ನೋಡಾಕತ್ತಿದ್ದೆ,” ಎಂದರು.

“ಪಾಸಾತಲ್ರಿ,” ಎಂದಳು ವೀರವ್ವ. “ಇನ್ನ ಅದನ್ನ ಅಳಸಿ ನನ್ನ ಹೆಸರು ಹಾಕ್ರಿ. ಅನ್ನಪೂರ್ಣಾ ಅಲ್ಲಿಂದ ಓದತಾಳ.”

ಅಳಿಸಿದ ಸಾಲೂ ಬಂತು, ಬರೆದ ಸಾಲೂ ಬಂತು. ಅಕ್ಕ ಎರಡನ್ನೂ ಓದಿದಳು, ಎರಡನೆಯದನ್ನು ತುಸು ಜೋರಾಗಿ. ನನಗೆ ಆದ ಖುಷಿಗೆ ಅಂದು ಬಸ್ಸಿನಲ್ಲಿ ನರಗುಂದದವರೆಗೆ ನಿಂತೇ ಹೋದರೂ ಕಾಲು ನೋಯಲಿಲ್ಲ.

ಮರುದಿನ ಪ್ರಭುಲಿಂಗಪ್ಪನವರ ಫೋನು ಬಂತು.

“ಆ ಸರ್ವರಿನ ಬಾಯಿ ಮುಚ್ಚಾಕ ಬರತೈತೇನಪಾ?”

“ಒಂದ ಶಬ್ದ ಬದಲಿ ಮಾಡಿದ್ರ ಸಾಕ್ರಿ. ಆದ್ರ ಅದನ್ನ ಅಕ್ಕನ ಕಂಪ್ಯೂಟರಿನ್ಯಾಗನ ಮಾಡಬೇಕು. ಯಾಕ ಮುಚ್ಚಬೇಕಂತ ಆಕಿಗೆ ತಿಳಿಸಿ ಹೇಳ್ರಿ, ಮುಂದಿನ ಬಸ್ಸಿಗೆ ಬರ್ತೇನಿ.”

ಮತ್ತೆ ಫೋನು ಬರಲಿಲ್ಲ.