ರಸ್ತೆಗೆ ಬಿಟ್ಟ ಮಾರ್ಜಿನ್

ಮೇಯರ್ ಆಗುವ ಮುಂಚೆ ಅವನು ದರ್ಜಿ. ಅಪ್ಪ ದರ್ಜಿ, ಅಜ್ಜ ದರ್ಜಿ, ಬೀದಿಗೆ ಬೀದಿಯೇ ದರ್ಜಿಗಳದ್ದು. ಇಪ್ಪತ್ತಾರು ವರ್ಷ ಗಿರಾಕಿಗಳಿಗೆ ‘ನಾಳೆ ಬನ್ನಿ, ರೆಡಿ ಇರುತ್ತೆ’ ಅಂದು ಪಳಗಿದ ಬಾಯಿಗೆ ರಾಜಕೀಯ ಕಲಿಯುವುದೇನೂ ಉಳಿದಿರಲಿಲ್ಲ ಎಂದು ತಾನೇ ಹೇಳಿಕೊಂಡು ನಗುತ್ತಿದ್ದ.

ಆ ಬೆಳಿಗ್ಗೆ ನಗು ಬರಲಿಲ್ಲ. ರಸ್ತೆ ಅಗಲ ಮಾಡಲು ಅವನ ಬೀದಿಯ ಒಂಬತ್ತು ಅಂಗಡಿಗಳ ಗೋಡೆಗೆ ‘ಇಲ್ಲಿವರೆಗೆ ಕೆಡವಿ’ ಎಂಬ ಕೆಂಪು ಬಣ್ಣದ ಗುರುತು ಬಿದ್ದಿತ್ತು. ಅಕ್ಕನ ಅಂಗಡಿಯಲ್ಲಂತೂ ಗೆರೆ ಹೊಲಿಗೆ ಯಂತ್ರವನ್ನೂ ದಾಟಿ ಒಳಗೆ ಹೋಗಿತ್ತು.

“ಮೆಟ್ಟಿಲು ಮಾತ್ರ ಹೋಗುತ್ತೆ ಅಂದಿದ್ದೆಯಲ್ಲೋ, ಮೇಯರ್ ಸಾಹೇಬ,” ಅಂದಳು ಅಕ್ಕ, ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ. “ನಾನೀಗ ನಡುರಸ್ತೇಲಿ ಕೂತು ಹೊಲೀಲಾ?”

“ಇಂಜಿನಿಯರ್ ಎಡವಟ್ಟು. ಮಧ್ಯಾಹ್ನ ಸಭೇಲಿ ಅವನ ಕೆಲಸ ಕಿತ್ತುಹಾಕಿಸ್ತೀನಿ.”

“ನಕ್ಷೆ ತೋರಿಸು.”

ಮೇಯರೇ ಪೆನ್ಸಿಲ್ಲಿನಲ್ಲಿ ಗುರುತು ಹಾಕಿ ಇಂಜಿನಿಯರಿಗೆ ಕೊಟ್ಟಿದ್ದ ನಕ್ಷೆ. ಮೆಟ್ಟಿಲ ಅಂಚಿಗೊಂದು ಗೆರೆ. ಬೆರಳಗಲ ಬಿಟ್ಟು, ಅಂಗಡಿಗಳ ಒಳಗೆ ಇನ್ನೊಂದು. ಅಕ್ಕ ಸೂಜಿ ತೆಗೆದಿಟ್ಟಳು.

“ಇದು ಹೊಲಿಯೋ ಗೆರೆ. ಇದು ಕತ್ತರಿಸೋ ಗೆರೆ. ಮುಂದೆ ದಪ್ಪ ಆದ್ರೆ ಬಿಚ್ಚೋಕಿರಲಿ ಅಂತ ಮಾರ್ಜಿನ್ ಬಿಟ್ಟಿದೀಯ. ರಸ್ತೆ ಏನು, ಮದುವೆಯಾದ ಮೇಲೆ ಮೈ ಬರೋ ಅಳಿಯನೇನೋ?”

ಅವನು ಎರಡೂ ಗೆರೆಗಳ ಮೇಲೆ ಬೆರಳಾಡಿಸಿದ. ಹೊಲಿಗೆಯ ಅಭ್ಯಾಸದಲ್ಲಿ ಕೈ ಯಾವಾಗ ಎರಡನೇ ಗೆರೆ ಎಳೆಯಿತೋ ಅವನಿಗೇ ನೆನಪಿಲ್ಲ. ಇಂಜಿನಿಯರ್ ಪಾಪ, ಕತ್ತರಿಸುವ ಗೆರೆಯಲ್ಲೇ ಕತ್ತರಿಸಲು ಹೊರಟಿದ್ದ. ನಕ್ಷೆ ತಿದ್ದಬೇಕಾದರೆ ಸಭೆಯಲ್ಲಿ ಕಾರಣ ಹೇಳಲೇಬೇಕು. ತಪ್ಪು ತನ್ನದೆಂದರೆ ಕುರ್ಚಿ ಹೋಗುತ್ತದೆ.

“ಬಟ್ಟೆ ಕೆಡಿಸಿದ ದಿನ ಅಪ್ಪ ಗಿರಾಕಿ ಮುಂದೆ ಯಾರ ಹೆಸರು ಹೇಳ್ತಿದ್ದ? ತನ್ನದೇ ಅಲ್ವಾ?” ಅಂದಳು ಅಕ್ಕ.

ಅವನು ನಕ್ಷೆ ಸುರುಳಿ ಸುತ್ತಿಕೊಂಡು ಹೊರಟ.

ಸಭೆಯಲ್ಲಿ ಎರಡೂ ಗೆರೆಗಳನ್ನು ಎತ್ತಿ ಹಿಡಿದು, ತನ್ನ ಪೆದ್ದುತನವನ್ನು ತಾನೇ ಅಳೆದು ತೋರಿಸಿದ. ಜನ ಬಿದ್ದು ಬಿದ್ದು ನಕ್ಕರು. ವಿರೋಧ ಪಕ್ಷದ ಮುಖಂಡ ಅವನದೇ ದನಿಯಲ್ಲಿ, “ಸ್ವಲ್ಪ ಉಸಿರು ಬಿಡಿ ಸಾರ್, ರಸ್ತೆ ಅಳತೆ ತಗೋತೀನಿ,” ಅಂದ. ಅನುಕರಣೆ ಚೆನ್ನಾಗಿತ್ತು, ಮೇಯರಿಗೂ ನಗು ತಡೆಯಲಾಗಲಿಲ್ಲ. ನಕ್ಷೆ ತಿದ್ದಲು ಎಲ್ಲರೂ ಕೈ ಎತ್ತಿದರು. ಆಮೇಲೆ ಅವನನ್ನು ಇಳಿಸಲು ಬಹುಪಾಲು ಅವೇ ಕೈಗಳು ಎದ್ದವು.

ಸಂಜೆ ಅಕ್ಕ ಕೇಳಿದಳು, “ಅಂಗಡಿ?”

“ಉಳೀತು.”

“ಕುರ್ಚಿ?”

“ಹೋಯ್ತು.”

“ಸರಿ, ಕೋಟು ಬಿಚ್ಚಿ ಗೋಡೆ ಮೇಲಿನ ಕೆಂಪು ಗುರುತು ಉಜ್ಜು.”

ಅವನು ತೋಳು ಮಡಚಿದ. ಇಂಜಿನಿಯರ್ ಸೀಮೆಎಣ್ಣೆ ಡಬ್ಬಿ ಹಿಡಿದು ಬಂದು, ಬೀದಿಯ ಆ ಕೊನೆಯಿಂದ ಉಜ್ಜಲು ಶುರುಮಾಡಿದ.